ದೊಡ್ಡ ಟೂರ್ನಿಗಳ ಆತಿಥ್ಯ: ದೇಶದ ಟೆನಿಸ್‌ಗೆ ದಕ್ಕುವುದೇನು?

ಬೆಂಗಳೂರು: 2008ರ ಮಾರ್ಚ್ ತಿಂಗಳಲ್ಲಿ ಕಬ್ಬನ್ ಉದ್ಯಾನದೊಳಗಿನ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಕ್ರೀಡಾಂಗಣದಲ್ಲಿ ಸೆರೆನಾ ಮತ್ತು ವೀನಸ್ ವಿಲಿಯಮ್ಸ್ ಸೋದರಿಯರು ಪರಸ್ಪರ ಎದುರಾದರು. ಮೂರು ಸೆಟ್‌ಗಳ ಆ ಸೆಮಿಫೈನಲ್ ಟೈಬ್ರೇಕರ್‌ನಲ್ಲಿ ಇತ್ಯರ್ಥಗೊಂಡಿತು. ಗೆದ್ದ ಸೆರೆನಾ ಮರುದಿನ ಸ್ವಿಟ್ಜರ್ಲೆಂಡ್‌ನ ಪ್ಯಾಟಿ ಶ್ನೈಡರ್ ಅವರನ್ನು ಮಣಿಸಿ ಬೆಂಗಳೂರು ಓಪನ್ ಪ್ರಶಸ್ತಿ ಎತ್ತಿ ಹಿಡಿದರು. ವಿಶ್ವ ಮಹಿಳಾ ಟೆನಿಸ್‌ನ ಇಷ್ಟು ದೊಡ್ಡ ಹೆಸರುಗಳು ಒಂದೇ ವಾರದಲ್ಲಿ ರಾಜಧಾನಿಗೆ ಬಂದದ್ದು ಅದೇ ಮೊದಲು.

2006ರಲ್ಲಿ ಆರಂಭವಾದ ಆ ಟೂರ್ನಿ 2008ರ ನಂತರ ನಡೆಯಲಿಲ್ಲ. ಅದೇ ವರ್ಷ ಮುಂಬೈಯಿಂದ ಬೆಂಗಳೂರಿಗೆ ಬರಬೇಕಿದ್ದ ಪುರುಷರ ಎಟಿಪಿ ಟೂರ್ನಿಯೂ ಭದ್ರತೆಯ ಆತಂಕದಿಂದ ರದ್ದಾಯಿತು. ಹೈದರಾಬಾದ್, ಕೋಲ್ಕತ್ತ, ಮುಂಬೈ, ಚೆನ್ನೈ, ಪುಣೆ ನಗರಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಟೂರ್ನಿ ಬಂತು, ಕೆಲ ವರ್ಷ ಇತ್ತು, ಹೋಯಿತು. ಹಾಗಿದ್ದರೆ ಇಂತಹ ಆತಿಥ್ಯದಿಂದ ದೇಶದ ಟೆನಿಸ್ ನಿಜಕ್ಕೂ ಬೆಳೆಯುತ್ತದೆಯೇ ಅಥವಾ ಅದು ಒಂದು ವಾರದ ಜಾತ್ರೆಯೇ? ಎರಡೂ ಬಗೆಯ ಉತ್ತರಗಳಿಗೆ ಭಾರತದಲ್ಲಿಯೇ ಸಾಕ್ಷ್ಯಗಳಿವೆ.

ಮೆಟ್ಟಿಲುಗಳ ಲೆಕ್ಕ

ವೃತ್ತಿಪರ ಟೆನಿಸ್ ಒಂದು ಏಣಿಯಂತಿದೆ. ತುತ್ತತುದಿಯಲ್ಲಿ ನಾಲ್ಕು ಗ್ರ್ಯಾನ್ ಸ್ಲಾಮ್‌ಗಳು. ಅವುಗಳ ಕೆಳಗೆ ಪುರುಷರ ವಿಭಾಗದಲ್ಲಿ ಎಟಿಪಿ 1000, 500 ಮತ್ತು 250 ದರ್ಜೆಯ ಟೂರ್ನಿಗಳು. ಅದಕ್ಕೂ ಕೆಳಗೆ ಚಾಲೆಂಜರ್ ಹಂತ, ತಳದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ಹೆಸರಿನ ಸಣ್ಣ ಟೂರ್ನಿಗಳು. 250, 500 ಎಂಬ ಸಂಖ್ಯೆಗಳು ಚಾಂಪಿಯನ್‌ಗೆ ಸಿಗುವ ರ‍್ಯಾಂಕಿಂಗ್ ಅಂಕಗಳು. ಹಿಂದಿನ 52 ವಾರಗಳಲ್ಲಿ ಗಳಿಸಿದ ಅಂಕಗಳೇ ಆಟಗಾರನ ಸ್ಥಾನವನ್ನು ನಿರ್ಧರಿಸುತ್ತವೆ.

ಸ್ಥಾನ ಎಂದರೆ ಕೇವಲ ಗೌರವವಲ್ಲ, ಅದು ಪ್ರವೇಶಪತ್ರ. ಗ್ರ್ಯಾನ್ ಸ್ಲಾಮ್ ಸಿಂಗಲ್ಸ್‌ನ 128 ಸ್ಥಾನಗಳ ಪೈಕಿ 104 ಸ್ಥಾನಗಳು ರ‍್ಯಾಂಕಿಂಗ್ ಆಧಾರದ ಮೇಲೆ ನೇರವಾಗಿ ತುಂಬುತ್ತವೆ. ಆದ್ದರಿಂದಲೇ ಮೊದಲ 100ರೊಳಗೆ ಬರುವುದು ಆಟಗಾರರಿಗೆ ಜೀವನ್ಮರಣದ ಪ್ರಶ್ನೆ. ಅದರ ಆಚೆ ಉಳಿದವರು ಅರ್ಹತಾ ಸುತ್ತುಗಳಲ್ಲಿ ಬೆವರು ಸುರಿಸಬೇಕು, ಬಹುಮಾನ ಹಣಕ್ಕಿಂತ ವಿಮಾನದ ಟಿಕೆಟ್‌ಗೇ ಹೆಚ್ಚು ಖರ್ಚಾಗುವ ಊರುಗಳಿಗೆ ಅಲೆಯಬೇಕು. ಸ್ವದೇಶದಲ್ಲಿ ಟೂರ್ನಿ ನಡೆಯುವುದರ ಮಹತ್ವ ತಿಳಿಯುವುದು ಇಲ್ಲಿ.

ವೈಲ್ಡ್ ಕಾರ್ಡ್ ಎಂಬ ಬಾಗಿಲು

ಟೂರ್ನಿಯ ಆತಿಥ್ಯ ವಹಿಸುವವರ ಕೈಯಲ್ಲಿ ಒಂದು ವಿಶೇಷ ಅಧಿಕಾರವಿರುತ್ತದೆ. 28 ಆಟಗಾರರ ಎಟಿಪಿ 250 ಟೂರ್ನಿಯಲ್ಲಿ ಸಾಮಾನ್ಯವಾಗಿ ಮೂವರನ್ನು ರ‍್ಯಾಂಕಿಂಗ್ ನೋಡದೆ ನೇರವಾಗಿ ಪ್ರಧಾನ ಸುತ್ತಿಗೆ ಸೇರಿಸಬಹುದು. ಇದೇ ವೈಲ್ಡ್ ಕಾರ್ಡ್. ಬಹುತೇಕ ಸಂದರ್ಭಗಳಲ್ಲಿ ಇದು ಸ್ಥಳೀಯ ಯುವ ಆಟಗಾರರ ಪಾಲಾಗುತ್ತದೆ. ಡಬಲ್ಸ್ ಹಾಗೂ ಅರ್ಹತಾ ಸುತ್ತಿಗೂ ಇಂತಹ ಅವಕಾಶಗಳಿವೆ.

ಸಾನಿಯಾ ಮಿರ್ಜಾ ಅವರ ಬೆಳವಣಿಗೆ ಇದಕ್ಕೆ ಅತ್ಯುತ್ತಮ ನಿದರ್ಶನ. 2002ರ ರಾಷ್ಟ್ರೀಯ ಕ್ರೀಡಾಕೂಟ ಹಾಗೂ 2003ರ ಆಫ್ರೋ-ಏಷ್ಯನ್ ಕ್ರೀಡಾಕೂಟಗಳಿಗೆ ಹೈದರಾಬಾದ್ ನಗರ ಸಜ್ಜಾಗಿತ್ತು. ಅದರ ಬೆನ್ನಿಗೇ ಅಲ್ಲಿಗೆ ಡಬ್ಲ್ಯುಟಿಎ ಟೂರ್ನಿಯೂ ಬಂತು. 2003ರ ಮೊದಲ ಆವೃತ್ತಿಯಲ್ಲಿ ಸಾನಿಯಾ ವೈಲ್ಡ್ ಕಾರ್ಡ್ ಪಡೆದು ಡಬ್ಲ್ಯುಟಿಎ ಪ್ರಧಾನ ಸುತ್ತಿಗೆ ಪದಾರ್ಪಣೆ ಮಾಡಿದರು, ಮೊದಲ ಪಂದ್ಯದಲ್ಲೇ ಸೋತರು. 2004ರಲ್ಲಿ ಲಿಜೆಲ್ ಹ್ಯೂಬರ್ ಜೊತೆಗೂಡಿ ಅಲ್ಲಿಯೇ ಡಬಲ್ಸ್ ಪ್ರಶಸ್ತಿ ಗೆದ್ದರು. 2005ರ ಫೆಬ್ರುವರಿಯಲ್ಲಿ ಉಕ್ರೇನಿನ ಅಲೋನಾ ಬೊಂಡರೆಂಕೊ ಅವರನ್ನು ಫೈನಲ್‌ನಲ್ಲಿ ಸೋಲಿಸಿ, ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳೆನಿಸಿದರು. ಅದೇ ವರ್ಷ ಅಮೆರಿಕ ಓಪನ್‌ನ ನಾಲ್ಕನೇ ಸುತ್ತು ತಲುಪಿದ ಅವರು, 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ಸ್ಥಾನಕ್ಕೇರಿದರು. ಮೂರು ವರ್ಷ ಸತತವಾಗಿ ತನ್ನೂರಿನಲ್ಲಿಯೇ ಆಡುವ ಅವಕಾಶ ಇಲ್ಲದಿದ್ದರೂ ಸಾನಿಯಾ ಬೆಳೆಯುತ್ತಿದ್ದರೇನೋ. ಆದರೆ ಹಾದಿ ಇಷ್ಟು ಚಿಕ್ಕದಾಗಿರುತ್ತಿರಲಿಲ್ಲ. ವಿಪರ್ಯಾಸವೆಂದರೆ, 2005ರ ಆವೃತ್ತಿಯೇ ಹೈದರಾಬಾದ್ ಟೂರ್ನಿಯ ಕೊನೆಯದೂ ಆಯಿತು.

ಪುರುಷರಲ್ಲಿ ಸೋಮದೇವ್ ದೇವವರ್ಮನ್ ಅವರದು ಇಂತಹದೇ ಕಥೆ. 2009ರ ಜನವರಿಯಲ್ಲಿ ಚೆನ್ನೈ ಓಪನ್‌ಗೆ ವೈಲ್ಡ್ ಕಾರ್ಡ್ ಪಡೆದಾಗ ಅವರ ರ‍್ಯಾಂಕಿಂಗ್ 200ರ ಆಚೆಗಿತ್ತು. ಎರಡು ಬಾರಿಯ ಚಾಂಪಿಯನ್ ಕಾರ್ಲೋಸ್ ಮೋಯಾ ಮತ್ತು ದೈತ್ಯ ಸರ್ವ್‌ಗಳ ಇವೊ ಕಾರ್ಲೊವಿಚ್ ಅವರನ್ನು ಸೋಲಿಸಿ ಫೈನಲ್‌ವರೆಗೆ ಸಾಗಿ, ಮರಿನ್ ಸಿಲಿಕ್‌ಗೆ ಶರಣಾದರು. ಮುಂದಿನ ವರ್ಷ ಏಷ್ಯನ್ ಕ್ರೀಡಾಕೂಟದಲ್ಲಿ ಸಿಂಗಲ್ಸ್ ಹಾಗೂ ಡಬಲ್ಸ್ ಎರಡರಲ್ಲೂ ಚಿನ್ನ, 2011ರಲ್ಲಿ 62ನೇ ರ‍್ಯಾಂಕ್. ಇಲ್ಲಿ ಒಂದು ಮಾತು ಸೇರಿಸಬೇಕು. ಸೋಮದೇವ್ ಪಳಗಿದ್ದು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ. ಚೆನ್ನೈ ಅವರನ್ನು ರೂಪಿಸಲಿಲ್ಲ, ರೂಪುಗೊಂಡಿದ್ದ ಆಟಗಾರನಿಗೆ ಬಾಗಿಲು ತೆರೆಯಿತು. ಈ ವ್ಯತ್ಯಾಸವನ್ನು ಮರೆತರೆ ಆತಿಥ್ಯದ ಲಾಭವನ್ನು ಉತ್ಪ್ರೇಕ್ಷಿಸಿದಂತಾಗುತ್ತದೆ.

ಇತ್ತೀಚಿನ ಉದಾಹರಣೆ 2025ರ ಫೆಬ್ರುವರಿಯ ಮುಂಬೈ ಓಪನ್. ಡಬ್ಲ್ಯುಟಿಎ 125 ದರ್ಜೆಯ ಈ ಟೂರ್ನಿಯ ಅರ್ಹತಾ ಸುತ್ತಿಗೆ ವೈಲ್ಡ್ ಕಾರ್ಡ್ ಪಡೆದ ಕೊಯಮತ್ತೂರಿನ 15 ವರ್ಷದ ಮಾಯಾ ರಾಜೇಶ್ವರನ್ ರೇವತಿ ಒಂದೊಂದೇ ಪಂದ್ಯ ಗೆಲ್ಲುತ್ತ ಸೆಮಿಫೈನಲ್ ತಲುಪಿದರು. ಅಲ್ಲಿ ಅವರನ್ನು ತಡೆದ ಸ್ವಿಟ್ಜರ್ಲೆಂಡ್‌ನ ಜಿಲ್ ಟೈಕ್‌ಮನ್ ಅವರೇ ಕಡೆಗೆ ಚಾಂಪಿಯನ್ ಆದರು. 2017ರಲ್ಲಿ ಇದೇ ಟೂರ್ನಿಯನ್ನು ಗೆದ್ದವರು ಅರೀನಾ ಸಬಲೆಂಕಾ ಎಂಬುದನ್ನು ನೆನೆದರೆ, ಈ ದರ್ಜೆಯ ಸ್ಪರ್ಧೆ ಎಂತಹದೆಂದು ತಿಳಿದೀತು.

ಚೆನ್ನೈನ ಇಪ್ಪತ್ತೊಂದು ವರ್ಷ

ಭಾರತದಲ್ಲಿ ಅತಿ ದೀರ್ಘಕಾಲ ಬಾಳಿದ ಎಟಿಪಿ ಟೂರ್ನಿಯೆಂದರೆ ಚೆನ್ನೈ ಓಪನ್. 1996ರಲ್ಲಿ ನವದೆಹಲಿಯಲ್ಲಿ ಆರಂಭವಾಗಿ, ಮರುವರ್ಷ ಚೆನ್ನೈಗೆ ಸ್ಥಳಾಂತರಗೊಂಡ ಈ ಟೂರ್ನಿ 2017ರವರೆಗೆ ಅಲ್ಲಿಯೇ ನೆಲೆನಿಂತಿತು. ನುಂಗಂಬಾಕ್ಕಂ ಬಡಾವಣೆಯ ಕ್ರೀಡಾಂಗಣವನ್ನು 1995ರ ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆಂದು ಕಟ್ಟಲಾಗಿತ್ತು. ಕ್ರೀಡಾಕೂಟ ಮುಗಿದ ಬಳಿಕ ಬೀಗ ಜಡಿದುಕೊಳ್ಳುವ ಕ್ರೀಡಾಂಗಣಗಳು ನಮ್ಮ ದೇಶದಲ್ಲಿ ಸಾಕಷ್ಟಿವೆ. ಚೆನ್ನೈನ ಅಂಕಣಗಳಿಗೆ ಆ ಗತಿ ಬಾರದಂತೆ ನೋಡಿಕೊಂಡದ್ದು ಪ್ರತಿ ವರ್ಷ ತಪ್ಪದೆ ಬರುತ್ತಿದ್ದ ಟೂರ್ನಿ.

ಪ್ರೇಕ್ಷಕರಿಗೆ ಅದು ಹಬ್ಬವೇ ಆಗಿತ್ತು. 1998ರಲ್ಲಿ ಪ್ಯಾಟ್ ರಾಫ್ಟರ್ ಗೆದ್ದರು. 2008ರಲ್ಲಿ ರಫೆಲ್ ನಡಾಲ್ ಸುಮಾರು ನಾಲ್ಕು ಗಂಟೆ ಕಾದಾಡಿ ಮೋಯಾ ಅವರನ್ನು ಸೆಮಿಫೈನಲ್‌ನಲ್ಲಿ ಸೋಲಿಸಿ, ಮರುದಿನದ ಫೈನಲ್‌ನಲ್ಲಿ ದಣಿದು ಮಿಖಾಯಿಲ್ ಯೂಜ್ನಿ ವಿರುದ್ಧ ಕೇವಲ ಒಂದು ಗೇಮ್ ಗಳಿಸಿದರು. ಸ್ಟಾನ್ ವಾವ್ರಿಂಕಾ ನಾಲ್ಕು ಬಾರಿ ಪ್ರಶಸ್ತಿ ಗೆದ್ದರು. 2014ರಲ್ಲಿ ಚೆನ್ನೈನಲ್ಲಿ ಗೆದ್ದ ಅದೇ ತಿಂಗಳು ಆಸ್ಟ್ರೇಲಿಯಾ ಓಪನ್ ಕೂಡ ಅವರದಾಯಿತು. ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ ಜೋಡಿ ಇಲ್ಲಿ ಐದು ಬಾರಿ ಡಬಲ್ಸ್ ಪ್ರಶಸ್ತಿ ಪಡೆಯಿತು. 2017ರ ಕೊನೆಯ ಆವೃತ್ತಿಯ ಡಬಲ್ಸ್ ಗೆದ್ದವರು ಕೊಡಗಿನ ರೋಹನ್ ಬೋಪಣ್ಣ ಮತ್ತು ಚೆನ್ನೈನವರೇ ಆದ ಜೀವನ್ ನೆಡುಂಚೆಳಿಯನ್. ಅದೇ ವರ್ಷ ಸಿಂಗಲ್ಸ್ ರನ್ನರ್ ಅಪ್ ಆಗಿ ಹಿಂದಿರುಗಿದ ಅಷ್ಟೇನೂ ಪರಿಚಿತನಲ್ಲದ ರಷ್ಯಾದ ಯುವಕನ ಹೆಸರು ಡೇನಿಯಲ್ ಮೆಡ್ವಡೆವ್. ನಾಲ್ಕು ವರ್ಷಗಳ ಬಳಿಕ ಆತ ಅಮೆರಿಕ ಓಪನ್ ಚಾಂಪಿಯನ್.

ಆದರೆ ಟೂರ್ನಿಯ ಪರವಾನಗಿಯ ಒಡೆತನ ರಾಜ್ಯದ ಟೆನಿಸ್ ಸಂಸ್ಥೆಯದಾಗಿರಲಿಲ್ಲ, ಖಾಸಗಿ ಕ್ರೀಡಾ ನಿರ್ವಹಣಾ ಸಂಸ್ಥೆಯದಾಗಿತ್ತು. ಎಟಿಪಿ ವೇಳಾಪಟ್ಟಿಯಲ್ಲಿ ವಾರಗಳು ಸೀಮಿತ. ಒಂದು ವಾರದ ಪರವಾನಗಿ ಎಂದರೆ ಮಾರಬಹುದಾದ, ಬಾಡಿಗೆಗೆ ಕೊಡಬಹುದಾದ ಸ್ವತ್ತು. 2018ರಲ್ಲಿ ಟೂರ್ನಿ ಪುಣೆಗೆ ಹೋಯಿತು. ಮಹಾರಾಷ್ಟ್ರ ಓಪನ್ ಎಂಬ ಹೆಸರಿನಲ್ಲಿ, ಕೋವಿಡ್ ಕಾಲದ ಒಂದು ವರ್ಷ ಬಿಟ್ಟು, 2023ರವರೆಗೆ ಅಲ್ಲಿ ನಡೆಯಿತು. 2024ರಿಂದ ಆ ವಾರ ಹಾಂಗ್‌ಕಾಂಗ್ ಪಾಲಾಯಿತು. ಸುಮಾರು ಕಾಲು ಶತಮಾನದ ನಂತರ ಎಟಿಪಿ ಟೂರ್ ಪಟ್ಟಿಯಲ್ಲಿ ಭಾರತದ ಹೆಸರೇ ಇಲ್ಲವಾಯಿತು. ಟೂರ್ನಿಯನ್ನು ಕರೆತರುವುದು ಎಷ್ಟು ಕಷ್ಟವೋ, ಅದನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಒಂಬೈನೂರು ಯೂರೋ

ದೊಡ್ಡ ತಾರೆಯರು ಬರುವ ಟೂರ್ನಿಗಳೇ ಆಟವನ್ನು ಬೆಳೆಸುತ್ತವೆ ಎಂಬ ನಂಬಿಕೆಯನ್ನು ಸುಮಿತ್ ನಾಗಲ್ ಅವರ ಎರಡು ವರ್ಷಗಳ ಅನುಭವ ಸ್ವಲ್ಪ ತಿದ್ದುತ್ತದೆ. ಹರಿಯಾಣದ ಈ ಹುಡುಗ ಹತ್ತರ ಹರೆಯದಲ್ಲಿ ಮಹೇಶ್ ಭೂಪತಿ ಅವರ ತರಬೇತಿ ಯೋಜನೆಗೆ ಆಯ್ಕೆಯಾಗಿ ಬೆಂಗಳೂರಿಗೆ ಬಂದವರು. 2017ರಲ್ಲಿ ತಮ್ಮ ಮೊದಲ ಚಾಲೆಂಜರ್ ಪ್ರಶಸ್ತಿಯನ್ನು ಗೆದ್ದದ್ದೂ ಬೆಂಗಳೂರಿನಲ್ಲೇ.

2023ರ ಸೆಪ್ಟೆಂಬರ್‌ನಲ್ಲಿ, ಆಗ ದೇಶದ ಅಗ್ರ ಸಿಂಗಲ್ಸ್ ಆಟಗಾರನಾಗಿದ್ದ ನಾಗಲ್, ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು ಸುಮಾರು 900 ಯೂರೋ ಮಾತ್ರ ಎಂದು ಸುದ್ದಿಸಂಸ್ಥೆಯೊಂದಕ್ಕೆ ತಿಳಿಸಿದ್ದರು. ಒಬ್ಬ ತರಬೇತುದಾರನೊಂದಿಗೆ ವರ್ಷವಿಡೀ ಪ್ರವಾಸ ಮಾಡಲು 80 ಲಕ್ಷದಿಂದ ಒಂದು ಕೋಟಿ ರೂಪಾಯಿ ಬೇಕು ಎಂಬುದು ಅವರ ಲೆಕ್ಕ. 2024ರ ಜನವರಿಯಲ್ಲಿ ಅರ್ಹತಾ ಸುತ್ತಿನಿಂದ ಮೇಲೆ ಬಂದು ಆಸ್ಟ್ರೇಲಿಯಾ ಓಪನ್‌ನಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು. ಗ್ರ್ಯಾನ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತನೊಬ್ಬನನ್ನು ಭಾರತೀಯ ಪುರುಷ ಆಟಗಾರ ಸೋಲಿಸಿದ್ದು 1989ರಲ್ಲಿ ರಮೇಶ್ ಕೃಷ್ಣನ್ ಅವರು ಮ್ಯಾಟ್ಸ್ ವಿಲಾಂಡರ್‌ಗೆ ಸೋಲುಣಿಸಿದ ಬಳಿಕ ಅದೇ ಮೊದಲು.

ಇಷ್ಟಾದರೂ ನಾಗಲ್ ಮೊದಲ 100ರ ಆಚೆಯೇ ಇದ್ದರು. ಆ ಗೆರೆಯನ್ನು ದಾಟಿಸಿದ್ದು ಮೆಲ್ಬರ್ನ್ ಅಲ್ಲ, ಮುಂದಿನ ತಿಂಗಳು ನಡೆದ ಚೆನ್ನೈ ಚಾಲೆಂಜರ್. ಪ್ರಶಸ್ತಿಯ ಜೊತೆಗೆ ಬಂದ 100 ಅಂಕಗಳು ಅವರನ್ನು 98ನೇ ಸ್ಥಾನಕ್ಕೇರಿಸಿದವು. ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್‌ಗೆ ನೇರ ಪ್ರವೇಶ, ಪ್ಯಾರಿಸ್ ಒಲಿಂಪಿಕ್ಸ್‌ನ ಸ್ಥಾನ, ಜುಲೈನಲ್ಲಿ 68ನೇ ರ‍್ಯಾಂಕ್ ಇವೆಲ್ಲ ಅದರ ಹಿಂದೆಯೇ ಬಂದವು. ಪ್ರಜ್ಞೇಶ್ ಗುಣೇಶ್ವರನ್ ಅವರ ದಾರಿಯೂ ಇದೇ ಆಗಿತ್ತು: 2018ರಲ್ಲಿ ಬೆಂಗಳೂರು ಚಾಲೆಂಜರ್ ಪ್ರಶಸ್ತಿ, 2019ರ ಫೆಬ್ರುವರಿಯಲ್ಲಿ ಚೆನ್ನೈ ಚಾಲೆಂಜರ್ ಮುಗಿಯುತ್ತಿದ್ದಂತೆ ಮೊದಲ 100ರೊಳಗೆ.

ಚಾಲೆಂಜರ್ ಟೂರ್ನಿಗೆ ಸೆರೆನಾಳಂತಹವರು ಬರುವುದಿಲ್ಲ, ಗ್ಯಾಲರಿ ತುಂಬುವುದಿಲ್ಲ, ಪತ್ರಿಕೆಗಳ ಮುಖಪುಟದಲ್ಲಿ ಜಾಗ ಸಿಗುವುದಿಲ್ಲ. ಆದರೆ 150ರಿಂದ 300ರ ನಡುವಿನ ಆಟಗಾರನಿಗೆ ಅನ್ನ ನೀಡುವುದು ಅದೇ. ನಾಗಲ್ 2025ರಲ್ಲಿ ಮತ್ತೆ ಮೊದಲ 100ರಿಂದ ಹೊರಬಿದ್ದದ್ದನ್ನು ನೋಡಿದರೆ, ಒಂದೆರಡು ಟೂರ್ನಿಗಳ ಆಸರೆ ಸಾಲದು ಎಂಬುದೂ ಸ್ಪಷ್ಟ.

ಇಟಲಿ ಮಾಡಿದ್ದೇನು?

ಈ ಎರಡು ಹಂತಗಳನ್ನೂ ಒಟ್ಟಿಗೆ ಬೆಸೆದ ದೇಶವೆಂದರೆ ಇಟಲಿ. ರೋಮ್‌ನ ದೊಡ್ಡ ಟೂರ್ನಿ ಹಳೆಯದು. ಆದರೂ 1976ರಲ್ಲಿ ಅಡ್ರಿಯಾನೊ ಪನಟ್ಟಾ ಫ್ರೆಂಚ್ ಓಪನ್ ಗೆದ್ದ ನಂತರ 48 ವರ್ಷ ಇಟಲಿಯ ಪುರುಷನೊಬ್ಬ ಗ್ರ್ಯಾನ್ ಸ್ಲಾಮ್ ಸಿಂಗಲ್ಸ್ ಗೆದ್ದಿರಲಿಲ್ಲ. ಅಂದರೆ ರೋಮ್ ಒಂದರಿಂದಲೇ ಏನೂ ಆಗಲಿಲ್ಲ.

ಬದಲಾವಣೆ ತಂದದ್ದು ರೋಮ್‌ನ ಕೆಳಗಿನ ಮೆಟ್ಟಿಲುಗಳು. ದೇಶದ ಉದ್ದಗಲಕ್ಕೆ ಸಣ್ಣ ಪಟ್ಟಣಗಳಲ್ಲಿ ಚಾಲೆಂಜರ್ ಮತ್ತು ಐಟಿಎಫ್ ಟೂರ್ನಿಗಳನ್ನು ಫೆಡರೇಷನ್ ಬೆಂಬಲಿಸಿತು. 2008ರಲ್ಲಿ ತನ್ನದೇ ಟೆನಿಸ್ ಟಿವಿ ವಾಹಿನಿಯನ್ನು ಆರಂಭಿಸಿತು. 2017ರಿಂದ 2022ರವರೆಗೆ 21 ವರ್ಷದೊಳಗಿನವರ ನೆಕ್ಸ್ಟ್ ಜೆನ್ ಫೈನಲ್ಸ್ ಮಿಲಾನ್‌ನಲ್ಲಿ, 2021ರಿಂದ ವರ್ಷಾಂತ್ಯದ ಎಟಿಪಿ ಫೈನಲ್ಸ್ ಟ್ಯೂರಿನ್‌ನಲ್ಲಿ ನಡೆದವು. ಹಿಮಜಾರಾಟ ಬಿಟ್ಟು ಟೆನಿಸ್‌ಗೆ ಬಂದ ಯಾನಿಕ್ ಸಿನ್ನರ್ ಹತ್ತಿದ ಮೆಟ್ಟಿಲುಗಳನ್ನು ಎಣಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. 2019ರ ಫೆಬ್ರುವರಿಯಲ್ಲಿ 17ರ ಹರೆಯದಲ್ಲಿ ವೈಲ್ಡ್ ಕಾರ್ಡ್ ಪಡೆದು ಬೆರ್ಗಾಮೊ ಚಾಲೆಂಜರ್ ಪ್ರಶಸ್ತಿ. ಮೇ ತಿಂಗಳಲ್ಲಿ ವೈಲ್ಡ್ ಕಾರ್ಡ್ ಮೂಲಕ ರೋಮ್‌ನಲ್ಲಿ ಒಂದು ಗೆಲುವು. ನವೆಂಬರ್‌ನಲ್ಲಿ ಮತ್ತೆ ವೈಲ್ಡ್ ಕಾರ್ಡ್, ಮಿಲಾನ್‌ನಲ್ಲಿ ನೆಕ್ಸ್ಟ್ ಜೆನ್ ಪ್ರಶಸ್ತಿ. ಇವೆಲ್ಲ ತಾಯ್ನೆಲದಲ್ಲಿಯೇ. 2024ರಲ್ಲಿ ಆಸ್ಟ್ರೇಲಿಯಾ ಓಪನ್ ಗೆದ್ದು ಪನಟ್ಟಾ ನಂತರದ ಬರವನ್ನು ನೀಗಿಸಿದರು, 2024 ಮತ್ತು 2025ರಲ್ಲಿ ಟ್ಯೂರಿನ್‌ನಲ್ಲೂ ಗೆದ್ದರು. ಡೇವಿಸ್ ಕಪ್ 2023, 2024 ಮತ್ತು 2025ರಲ್ಲಿ ಸತತವಾಗಿ ಇಟಲಿಯ ಪಾಲಾಯಿತು.

ವಿಂಬಲ್ಡನ್ ಇದ್ದೂ ಬರ

ಇದಕ್ಕೆ ವ್ಯತಿರಿಕ್ತ ಉದಾಹರಣೆ ಬ್ರಿಟನ್. ವಿಂಬಲ್ಡನ್‌ನಷ್ಟು ಪ್ರತಿಷ್ಠಿತ ಟೂರ್ನಿ ಬೇರೊಂದಿಲ್ಲ. ಅದರ ಹಣಕಾಸು ಮಿಗತೆಯ ಸುಮಾರು ಶೇ 90ರಷ್ಟು ಆ ದೇಶದ ಟೆನಿಸ್ ಸಂಸ್ಥೆಗೆ ಸಂದಾಯವಾಗುತ್ತದೆ. ಹಾಗಿದ್ದೂ 1936ರ ಫ್ರೆಡ್ ಪೆರಿ ನಂತರ ಬ್ರಿಟನ್ನಿನ ಪುರುಷನೊಬ್ಬ ಅಲ್ಲಿ ಸಿಂಗಲ್ಸ್ ಗೆಲ್ಲಲು 77 ವರ್ಷ ಬೇಕಾಯಿತು. 2013ರಲ್ಲಿ ಆ ಬರ ನೀಗಿದ ಆ್ಯಂಡಿ ಮರ್ರೆ ಹದಿನೈದರ ಹರೆಯದಲ್ಲಿ ತರಬೇತಿಗಾಗಿ ಸ್ಪೇನಿನ ಬಾರ್ಸಿಲೋನಾಗೆ ಹೋಗಿದ್ದವರು. ಆಸ್ಟ್ರೇಲಿಯಾದಲ್ಲಿಯೂ 1976ರ ಮಾರ್ಕ್ ಎಡ್ಮಂಡ್‌ಸನ್ ನಂತರ ತಾಯ್ನೆಲದ ಪುರುಷ ಚಾಂಪಿಯನ್ ಹುಟ್ಟಿಲ್ಲ. ಮಹಿಳೆಯರಲ್ಲಿ 44 ವರ್ಷಗಳ ನಿರೀಕ್ಷೆಯನ್ನು 2022ರಲ್ಲಿ ಆ್ಯಶ್ಲೆ ಬಾರ್ಟಿ ಕೊನೆಗೊಳಿಸಿದರು. ಹಣ, ಅಂಕಣ, ಜನಸಂದಣಿ ಎಲ್ಲವೂ ಇದ್ದರೂ ಚಾಂಪಿಯನ್ ಹುಟ್ಟುತ್ತಾನೆಂಬ ಖಾತರಿಯಿಲ್ಲ. ಹುಟ್ಟಿದಾಗ ಆತ ಸೊರಗದಂತೆ ನೋಡಿಕೊಳ್ಳಬಹುದು, ಅಷ್ಟೇ.

ಪ್ರದರ್ಶನ ಪಂದ್ಯಗಳ ವಿಷಯದಲ್ಲಂತೂ ಆ ಭರವಸೆಯೂ ಇಲ್ಲ. 2014ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಪ್ರೀಮಿಯರ್ ಟೆನಿಸ್ ಲೀಗ್‌ಗಾಗಿ ರೋಜರ್ ಫೆಡರರ್, ನೊವಾಕ್ ಜೊಕೊವಿಚ್ ದೆಹಲಿಗೆ ಬಂದರು. ಮೂರು ಆವೃತ್ತಿಗಳ ನಂತರ ಲೀಗ್ ನಿಂತಿತು. ಅಲ್ಲಿ ರ‍್ಯಾಂಕಿಂಗ್ ಅಂಕಗಳೂ ಇರಲಿಲ್ಲ, ಅರ್ಹತಾ ಸುತ್ತೂ ಇರಲಿಲ್ಲ. ತಾರೆಯರನ್ನು ಕಣ್ಣಾರೆ ಕಂಡ ಸಂತೋಷ ಪ್ರೇಕ್ಷಕರಿಗೆ ಸಿಕ್ಕಿತು. ಅದನ್ನು ಅಲ್ಲಗಳೆಯಬೇಕಿಲ್ಲ, ಆದರೆ ಅದನ್ನು ಕ್ರೀಡಾಭಿವೃದ್ಧಿ ಎಂದು ಕರೆಯುವುದು ಕಷ್ಟ.

ಅಂಕಣದಾಚೆಯ ಗಳಿಕೆ

ಆಟಗಾರರನ್ನು ಬಿಟ್ಟು ಟೂರ್ನಿಯೊಂದು ಬೆಳೆಸುವ ಜನರ ಸಂಖ್ಯೆ ದೊಡ್ಡದು. ಚೇರ್ ಅಂಪೈರ್‌ಗಳು, ಲೈನ್ ಅಂಪೈರ್‌ಗಳು, ರ‍್ಯಾಕೆಟ್‌ಗೆ ತಂತಿ ಬಿಗಿಯುವವರು, ಫಿಸಿಯೋಗಳು, ಅಂಕಣ ಸಿದ್ಧಪಡಿಸುವವರು. ಅಂಪೈರ್‌ಗಳು ಬ್ಯಾಡ್ಜ್‌ಗಳ ಮೆಟ್ಟಿಲು ಹತ್ತಬೇಕಾದರೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಕೆಲಸ ಮಾಡಬೇಕು. ಊರಲ್ಲೇ ಟೂರ್ನಿಯಿದ್ದರೆ ಆ ಅನುಭವ ಸುಲಭ. ಆದರೆ 2025ರಿಂದ ಎಟಿಪಿ ಟೂರ್ ಟೂರ್ನಿಗಳಲ್ಲಿ ಗೆರೆ ನಿರ್ಣಯ ಸಂಪೂರ್ಣ ಎಲೆಕ್ಟ್ರಾನಿಕ್ ವ್ಯವಸ್ಥೆಗೆ ಹೋಗಿದೆ. ಲೈನ್ ಅಂಪೈರ್ ಕೆಲಸದ ಮೂಲಕ ಈ ವೃತ್ತಿಗೆ ಬರುತ್ತಿದ್ದ ಯುವಕರ ಹಾದಿ ಇದರಿಂದ ಕಿರಿದಾಗಿದೆ.

ಚೆಂಡು ಹೆಕ್ಕುವ ಮಕ್ಕಳದು ಇನ್ನೊಂದು ಕಥೆ. ಸ್ವಿಟ್ಜರ್ಲೆಂಡ್‌ನ ಬಾಸೆಲ್ ಟೂರ್ನಿಯಲ್ಲಿ ಬಾಲ್ ಬಾಯ್ ಆಗಿದ್ದ ಹುಡುಗನೊಬ್ಬ 1998ರಲ್ಲಿ ಅಲ್ಲಿಯೇ ವೈಲ್ಡ್ ಕಾರ್ಡ್ ಪಡೆದು ಮೊದಲ ಸುತ್ತಿನಲ್ಲಿ ಆಂಡ್ರೆ ಅಗಾಸ್ಸಿಗೆ ಸೋತ. ಆತ ರೋಜರ್ ಫೆಡರರ್; ಮುಂದೆ ಅದೇ ಟೂರ್ನಿಯನ್ನು ಹತ್ತು ಬಾರಿ ಗೆದ್ದರು. ಎಲ್ಲ ಬಾಲ್ ಬಾಯ್‌ಗಳೂ ಫೆಡರರ್ ಆಗುವುದಿಲ್ಲವೆಂಬುದು ನಿಜ. ಗಂಟೆಗೆ 200 ಕಿ.ಮೀ. ವೇಗದ ಸರ್ವ್ ಹತ್ತು ಅಡಿ ದೂರದಿಂದ ಹೇಗಿರುತ್ತದೆಂದು ನೋಡಲು ಟಿವಿ ಸಾಲದೆಂಬುದೂ ಅಷ್ಟೇ ನಿಜ.

ರಾಜ್ಯದ ನೋಟ

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 2008ರ ನಂತರ ಬೆಂಗಳೂರಿಗೆ ವಿಲಿಯಮ್ಸ್ ಸೋದರಿಯರ ಮಟ್ಟದ ಟೂರ್ನಿ ಬರಲಿಲ್ಲವಾದರೂ ಕಬ್ಬನ್ ಉದ್ಯಾನದ ಅಂಕಣಗಳು ಖಾಲಿ ಉಳಿದಿಲ್ಲ. 2014ರ ಡೇವಿಸ್ ಕಪ್ ಪ್ಲೇಆಫ್‌ನಲ್ಲಿ ಸರ್ಬಿಯಾ ವಿರುದ್ಧ ಭಾರತ 2-3ರಿಂದ ಸೋತದ್ದು ಇಲ್ಲಿಯೇ. ಮೊದಲೆರಡು ಸೆಟ್ ಕಳೆದುಕೊಂಡ ನಂತರ ಪೇಸ್-ಬೋಪಣ್ಣ ಜೋಡಿ ಡಬಲ್ಸ್ ಗೆದ್ದದ್ದು ನೋಡಿದವರಿಗೆ ಮರೆಯುವಂತಹದಲ್ಲ. ಬೆಂಗಳೂರು ಓಪನ್ ಚಾಲೆಂಜರ್ 2017ರಲ್ಲಿ ನಾಗಲ್‌ಗೂ, 2018ರಲ್ಲಿ ಪ್ರಜ್ಞೇಶ್‌ಗೂ ಒಲಿಯಿತು. 2025ರ ನವೆಂಬರ್‌ನಲ್ಲಿ ಮಹಿಳೆಯರ ಬಿಲ್ಲಿ ಜೀನ್ ಕಿಂಗ್ ಕಪ್ ಪ್ಲೇಆಫ್‌ಗಾಗಿ ಸ್ಲೊವೇನಿಯಾ ಮತ್ತು ನೆದರ್ಲೆಂಡ್ಸ್ ತಂಡಗಳು ಇಲ್ಲಿಗೆ ಬಂದವು.

ಇವೆಲ್ಲಕ್ಕಿಂತ ಗಮನಿಸಬೇಕಾದದ್ದು ರಾಜಧಾನಿಯ ಹೊರಗಿನ ಬೆಳವಣಿಗೆ. ಮೈಸೂರು, ಮಂಡ್ಯ, ದಾವಣಗೆರೆ, ಧಾರವಾಡ, ಕಲಬುರಗಿ ನಗರಗಳಲ್ಲಿ ಐಟಿಎಫ್ ಪುರುಷರ ಟೂರ್ನಿಗಳು ನಡೆದಿವೆ. ಇವುಗಳ ಬಹುಮಾನ ಮೊತ್ತ 15,000 ಅಥವಾ 25,000 ಡಾಲರ್ ಆಸುಪಾಸಿನದು; ಮೊದಲ ಸುತ್ತಿನಲ್ಲಿ ಸೋತವನಿಗೆ ಹೋಟೆಲ್ ಖರ್ಚೂ ಹುಟ್ಟದು. ಆದರೆ ಧಾರವಾಡದ ಹುಡುಗನಿಗೆ ಮೊದಲ ಅಂತರರಾಷ್ಟ್ರೀಯ ಪಂದ್ಯವಾಡಲು ಟ್ಯುನೀಷಿಯಾಕ್ಕೋ ಟರ್ಕಿಗೋ ವಿಮಾನ ಹತ್ತಬೇಕಿಲ್ಲ. ಮನೆಯೂಟ ಮುಗಿಸಿ ಅಂಕಣಕ್ಕೆ ಹೋಗಬಹುದು. ಈ ಟೂರ್ನಿಗಳ ಬಹುತೇಕ ಭಾರ ಹೊರುವವರು ಜಿಲ್ಲಾಡಳಿತ, ಸ್ಥಳೀಯ ಕ್ಲಬ್‌ಗಳು ಮತ್ತು ಊರಿನ ಪ್ರಾಯೋಜಕರು. ಒಬ್ಬ ಉತ್ಸಾಹಿ ಅಧಿಕಾರಿ ವರ್ಗವಾದರೆ ಮರುವರ್ಷದ ಟೂರ್ನಿಯೇ ಅನುಮಾನ ಎಂಬ ಸ್ಥಿತಿಯಲ್ಲಿ, ಮೂರೋ ಐದೋ ವರ್ಷಗಳಿಗೆ ಮೊದಲೇ ಹಣ ಮೀಸಲಿಡುವ ಏರ್ಪಾಡು ರಾಜ್ಯ ಸರ್ಕಾರದಿಂದ ಆಗಬೇಕಿದೆ. ವೇಳಾಪಟ್ಟಿಯಲ್ಲಿ ಇವುಗಳನ್ನು ಹಿಂದುಮುಂದಿನ ವಾರಗಳಲ್ಲಿ ಜೋಡಿಸಿದರೆ ಆಟಗಾರ ರೈಲಿನಲ್ಲೇ ಊರಿಂದೂರಿಗೆ ಸಾಗಿ ಮೂರು ಟೂರ್ನಿ ಆಡಿ, ಕೊನೆಗೆ ಬೆಂಗಳೂರು ಚಾಲೆಂಜರ್‌ನ ಅರ್ಹತಾ ಸುತ್ತಿಗೆ ಬಂದು ಇಳಿಯಬಹುದು.